ಕೋಳಿಗಳ ಗೊರಗೊರ ಉಸಿರು: ಔಷಧಿ ಯಾವುದು, ಎಷ್ಟು ಎಂಬ ಲೆಕ್ಕ

ಹಿತ್ತಲಲ್ಲಿ ಹತ್ತು ಹನ್ನೆರಡು ನಾಟಿ ಕೋಳಿಯನ್ನೋ ಗಿರಿರಾಜವನ್ನೋ ಸಾಕಿಕೊಂಡು, ಜೊತೆಗೆ ರೋಗಗಳ ಪಾಠವನ್ನೂ ಓದುತ್ತಿರುವವರಿಗೆ ಈ ಟಿಪ್ಪಣಿ. ಉಸಿರಾಟದ ರೋಗಗಳನ್ನು ಓದಿ ಮುಗಿಸಿದ್ದೇ ತಡ, ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ಸೀನು, ಸಿಂಬಳ, ರಾತ್ರಿ ಗೂಡಿನ ಪಕ್ಕ ನಿಂತರೆ ಕೇಳುವ ಗೊರಗೊರ ಸದ್ದು: ಇಷ್ಟರಿಂದಲೇ ರೋಗದ ಹೆಸರು ಹೇಳಲು ಬರುವುದಿಲ್ಲ. ಏಳೆಂಟು ರೋಗಗಳಿಗೆ ಇದೇ ಲಕ್ಷಣ. ಕೇಳಿಕೊಳ್ಳಬೇಕಾದದ್ದು ಎರಡು ಪ್ರಶ್ನೆ. ಎಷ್ಟು ಬೇಗ ಹರಡಿತು? ಉಸಿರಿನ ಜೊತೆಗೆ ಇನ್ನೇನು ಕಾಣಿಸುತ್ತಿದೆ?

ಒಂದೆರಡು ದಿನದಲ್ಲೇ ಇಡೀ ಗುಂಪು ಸೀನತೊಡಗಿ, ಮೊಟ್ಟೆ ಸುಕ್ಕುಗಟ್ಟಿ, ಒಡೆದರೆ ಒಳಗಿನ ಬಿಳಿ ನೀರಿನಂತೆ ಹರಿದರೆ ಇನ್ಫೆಕ್ಷಿಯಸ್ ಬ್ರಾಂಕೈಟಿಸ್ ಇರಬಹುದು. ಅದು ಕೋಳಿಗಳ ಕೊರೊನಾ ವೈರಸ್. ಮುಖ ಊದಿ, ಕಣ್ಣು ಮುಚ್ಚಿಹೋಗಿ, ಸಿಂಬಳ ನಾರುತ್ತಿದ್ದರೆ ಕೊರೈಜಾ; ಸೋಂಕು ತಗುಲಿದ 1ರಿಂದ 3 ದಿನದಲ್ಲೇ ಮುಖ ಊದುತ್ತದೆ. ಕಣ್ಣಂಚಿನಲ್ಲಿ ಸಣ್ಣ ನೊರೆ, ವಾರಗಟ್ಟಲೆ ಒಂದೊಂದೇ ಕೋಳಿಗೆ ಹರಡುವ ನಿಧಾನದ ಕಾಯಿಲೆ ಎಂದರೆ ಸಿ.ಆರ್.ಡಿ. (ಕ್ರಾನಿಕ್ ರೆಸ್ಪಿರೇಟರಿ ಡಿಸೀಸ್, ಅಂದರೆ ದೀರ್ಘಕಾಲದ ಉಸಿರಾಟದ ರೋಗ). ಇದಕ್ಕೆ ಕಾರಣ ಮೈಕೋಪ್ಲಾಸ್ಮಾ ಗ್ಯಾಲಿಸೆಪ್ಟಿಕಮ್ ಎಂಬ ಬ್ಯಾಕ್ಟೀರಿಯಾ. ಉಸಿರಿನ ತೊಂದರೆಯ ಜೊತೆ ಹಸಿರು ಭೇದಿ, ತಿರುಚಿದ ಕತ್ತು, ಜೋತುಬಿದ್ದ ರೆಕ್ಕೆ ಕಂಡರೆ ಕೊಕ್ಕರೆ ರೋಗ, ಅಂದರೆ ರಾಣಿಖೇತ್. ಬೂಷ್ಟು ಹಿಡಿದ ಹೊಟ್ಟಿನ ಮೇಲೆ ಬಿಟ್ಟ ಮರಿಗಳು ಬಾಯಿ ತೆರೆದು ಉಸಿರಾಡುತ್ತಿದ್ದರೆ ಶಿಲೀಂಧ್ರದ ಆಸ್ಪರ್ಜಿಲ್ಲೋಸಿಸ್ ನೆನಪಾಗಬೇಕು.

ಬಾಯಿ ಬಿಡಿಸಿ ನೋಡುವುದನ್ನು ಎಲ್ಲರೂ ಕಲಿಯಲೇಬೇಕು. ಕೋಳಿಯನ್ನು ಕಂಕುಳಲ್ಲಿ ಇಟ್ಟುಕೊಂಡು, ಬೆಳಕಿಗೆ ಮುಖ ಮಾಡಿ, ಕೊಕ್ಕನ್ನು ಮೆಲ್ಲಗೆ ಅಗಲಿಸಿ. ನಾಲಿಗೆಯ ಬುಡದ ಹಿಂದೆಯೇ ಒಂದು ಸಣ್ಣ ಸೀಳು ತೆರೆದು ಮುಚ್ಚುತ್ತಿರುತ್ತದೆ. ಅದೇ ಶ್ವಾಸನಾಳದ ಬಾಯಿ. ಅದರ ಸುತ್ತ ಹಳದಿ ಪೊರೆ ಕಟ್ಟಿದ್ದರೆ ಬಾಯೊಳಗಿನ ಸಿಡುಬಿನ ಸಂಶಯ. ಕೆಮ್ಮಿದಾಗ ರಕ್ತ ಬೆರೆತ ಲೋಳೆ ಬಂದರೆ ಐ.ಎಲ್.ಟಿ. (ಇನ್ಫೆಕ್ಷಿಯಸ್ ಲ್ಯಾರಿಂಗೋಟ್ರೇಕಿಯೈಟಿಸ್, ಅಂದರೆ ಗಂಟಲು, ಶ್ವಾಸನಾಳದ ಸೋಂಕು). ಇನ್ನೊಂದು ಪ್ರಯೋಜನವೂ ಇದೆ. ಆ ಸೀಳು ಎಲ್ಲಿದೆ ಎಂದು ಒಮ್ಮೆ ಕಣ್ಣಾರೆ ನೋಡಿದವರು ಕೋಳಿಯ ಬಾಯಿಗೆ ಔಷಧಿ ಸುರಿಯುವುದಿಲ್ಲ. ಕೊಕ್ಕಿನ ಅಂಚಿಗೆ ಹನಿ ಹನಿಯಾಗಿ ಬಿಟ್ಟು, ಅದು ನುಂಗುವವರೆಗೂ ಕಾಯುತ್ತಾರೆ.

ಕೋಳಿಗಳು ಒಮ್ಮೆಲೇ ಸಾಯತೊಡಗಿ, ಜುಟ್ಟು ನೀಲಿಗಟ್ಟಿದರೆ ಈ ಟಿಪ್ಪಣಿ ಬದಿಗಿಡಿ. ಕೊಯ್ಯಬೇಡಿ, ಮಾರಬೇಡಿ, ಸತ್ತದ್ದನ್ನು ಬರಿಗೈಯಲ್ಲಿ ಮುಟ್ಟಬೇಡಿ. ಅದು ಹಕ್ಕಿಜ್ವರವಿರಬಹುದು; ಪಶು ಆಸ್ಪತ್ರೆಗೆ ತಿಳಿಸಿ. ಭಾರತದಲ್ಲಿ ಹಕ್ಕಿಜ್ವರ ಮೊದಲು ಕಂಡದ್ದು 2006ರಲ್ಲಿ, ಮಹಾರಾಷ್ಟ್ರದ ನವಾಪುರದಲ್ಲಿ. 2012ರಲ್ಲಿ ಬೆಂಗಳೂರಿನ ಬಳಿಯ ನಮ್ಮ ಹೆಸರಘಟ್ಟಕ್ಕೂ ಬಂದಿತ್ತು.

ಇನ್ನು ಔಷಧಿ. ರಾಣಿಖೇತ್, ಬ್ರಾಂಕೈಟಿಸ್, ಐ.ಎಲ್.ಟಿ., ಸಿಡುಬು ಇವೆಲ್ಲ ವೈರಸ್. ಆ್ಯಂಟಿಬಯೋಟಿಕ್‌ನಿಂದ ವೈರಸ್ ಸಾಯದು. ಮೇಲಿನಿಂದ ಸೇರಿಕೊಳ್ಳುವ ಇ. ಕೋಲಿಯಂಥ ಬ್ಯಾಕ್ಟೀರಿಯಾಕ್ಕಷ್ಟೇ ಅದು. ರಾಣಿಖೇತ್‌ಗೆ ಲಸಿಕೆಯೇ ದಾರಿ: ಮರಿಗೆ 5ರಿಂದ 7 ದಿನವಾದಾಗ ಎಫ್-1 ಅಥವಾ ಲಸೋಟಾ ಹನಿ, 8 ವಾರದ ಹೊತ್ತಿಗೆ ಆರ್2ಬಿ ಚುಚ್ಚುಮದ್ದು. ಸಿ.ಆರ್.ಡಿ. ಬ್ಯಾಕ್ಟೀರಿಯಾದ್ದೇ ಆದರೂ ಅಮಾಕ್ಸಿಸಿಲಿನ್‌ಗೆ ಬಗ್ಗುವುದಿಲ್ಲ. ಪೆನಿಸಿಲಿನ್ ಗುಂಪಿನ ಔಷಧಿಗಳು ಕೆಲಸ ಮಾಡುವುದು ಬ್ಯಾಕ್ಟೀರಿಯಾ ತನ್ನ ಕೋಶಭಿತ್ತಿ ಕಟ್ಟುವುದನ್ನು ತಡೆದು; ಮೈಕೋಪ್ಲಾಸ್ಮಾಗೆ ಕೋಶಭಿತ್ತಿಯೇ ಇಲ್ಲ. ಅದಕ್ಕೇ ವೈದ್ಯರು ಟೈಲೋಸಿನ್, ಡಾಕ್ಸಿಸೈಕ್ಲಿನ್ ಬರೆಯುವುದು. ಟಿಯಾಮುಲಿನ್ ಎಂಬ ಇನ್ನೊಂದು ಆ್ಯಂಟಿಬಯೋಟಿಕ್ ಬರೆದರೆ, ಚೀಲದ ಆಹಾರದಲ್ಲಿ ಕಾಕ್ಸಿಡಿಯೋಸಿಸ್ (ರಕ್ತಭೇದಿ) ತಡೆಯಲು ಬೆರೆಸುವ ಮೊನೆನ್ಸಿನ್ ಅಥವಾ ಸಲಿನೋಮೈಸಿನ್ ಇದೆಯೇ ಎಂದು ನೋಡಿ ವೈದ್ಯರಿಗೆ ಹೇಳಿ. ಟಿಯಾಮುಲಿನ್ ಜೊತೆ ಇವೆರಡರಲ್ಲಿ ಯಾವುದು ಹೋದರೂ ಕೋಳಿಗೆ ವಿಷ.

ನನಗೆ ತೀರಾ ಕಗ್ಗಂಟಾಗಿದ್ದ ಹೆಜ್ಜೆ ಇದು: ಪುಸ್ತಕ ಹೇಳುವುದು ಕೆ.ಜಿ. ತೂಕಕ್ಕೆ ಇಷ್ಟು ಮಿಲಿಗ್ರಾಂ ಎಂದು. ಪೊಟ್ಟಣದ ಮೇಲಿರುವುದು ಶೇಕಡಾ. ನಾವು ಬೆರೆಸುವುದು ಲೀಟರ್ ನೀರಿಗೆ. ಮೂರನ್ನೂ ಜೋಡಿಸುವುದು ಹೇಗೆ? ಲೆಕ್ಕ ತೂಕದಿಂದಲೇ ಶುರುವಾಗಬೇಕು, ನೀರಿನಿಂದಲ್ಲ.

ವೈದ್ಯರು ಡಾಕ್ಸಿಸೈಕ್ಲಿನ್, ದಿನಕ್ಕೆ ಕೆ.ಜಿ.ಗೆ 20 ಮಿಲಿಗ್ರಾಂ ಎಂದು ಬರೆದಿದ್ದಾರೆ ಎಂದುಕೊಳ್ಳಿ. 12 ಕೋಳಿ, ಸರಾಸರಿ ಒಂದೂವರೆ ಕೆ.ಜಿ.; ಒಟ್ಟು 18 ಕೆ.ಜಿ. ಬೇಕಾದದ್ದು 360 ಮಿಲಿಗ್ರಾಂ. ಪುಡಿ ಶೇ. 10ರದ್ದು. ಇಲ್ಲಿ ನನ್ನ ಮೆಚ್ಚಿನ ಉಪಾಯ: ಶೇಕಡಾ ಅಂಕಿಯ ಮುಂದೆ ಒಂದು ಸೊನ್ನೆ ಹಾಕಿದರೆ ಒಂದು ಗ್ರಾಂ ಪುಡಿಯಲ್ಲಿರುವ ಮಿಲಿಗ್ರಾಂ ಸಿಗುತ್ತದೆ. ಶೇ. 10 ಎಂದರೆ 100, ಶೇ. 20 ಎಂದರೆ 200. ಹಾಗಾಗಿ ಇಡೀ ದಿನಕ್ಕೆ 3.6 ಗ್ರಾಂ ಪುಡಿ. ಶೇ. 20ರದ್ದಾದರೆ 1.8 ಗ್ರಾಂ. ಚಮಚದ ಅಂದಾಜು ಬೇಡ, ಸಣ್ಣ ಡಿಜಿಟಲ್ ತಕ್ಕಡಿಯಲ್ಲಿ ತೂಗಿ.

ಈಗ ನೀರು. ತಂಪು ದಿನದಲ್ಲಿ ಕೋಳಿಯೊಂದು ಸುಮಾರು 200 ಮಿಲಿಲೀಟರ್ ಕುಡಿದರೆ ಹನ್ನೆರಡಕ್ಕೆ 2.4 ಲೀಟರ್. 3.6 ಗ್ರಾಂ ಅದರಲ್ಲಿ ಕರಗಬೇಕು. ಲೀಟರ್‌ಗೆ ಒಂದೂವರೆ ಗ್ರಾಂ ಆಯಿತು. ಈ ಒಂದೂವರೆಯನ್ನೇ ಸೂತ್ರವೆಂದು ಹಿಡಿದುಕೊಂಡರೆ ಕೆಟ್ಟಿತು. ಬೇಸಿಗೆಯಲ್ಲಿ ಅವೇ ಕೋಳಿಗಳು 4.8 ಲೀಟರ್ ಕುಡಿದರೆ ಔಷಧಿ ದುಪ್ಪಟ್ಟು ಒಳಗೆ ಹೋಗುತ್ತದೆ. ಕಾಯಿಲೆಯಲ್ಲಿ 1.2 ಲೀಟರ್‌ಗೆ ಇಳಿದರೆ ಅರ್ಧವಷ್ಟೇ ಸಿಗುತ್ತದೆ. ಅರೆ ಪ್ರಮಾಣಕ್ಕೆ ದುರ್ಬಲ ಬ್ಯಾಕ್ಟೀರಿಯಾ ಸತ್ತು ಗಟ್ಟಿಯವು ಉಳಿಯುತ್ತವೆ. ಪುಡಿ 3.6 ಗ್ರಾಂ ಎಂಬುದು ಬದಲಾಗದು, ನೀರು ಮಾತ್ರ ಬದಲಾಗುತ್ತದೆ. ಎಷ್ಟು ನೀರು ಎಂದು ತಿಳಿಯಲು ಹಿಂದಿನ ದಿನ ಅಳೆದು ಹಾಕಿ, ಸಂಜೆ ಉಳಿದದ್ದನ್ನು ಕಳೆಯಿರಿ. ಆ ದಿನಗಳಲ್ಲಿ ಕೋಳಿ ಹೊರಗೆ ಬಿಡಬಾರದು. ಬಚ್ಚಲ ನೀರು ಕುಡಿದು ಬಂದ ಕೋಳಿ ಔಷಧಿ ನೀರು ಮೂಸುವುದೂ ಇಲ್ಲ. ಏನನ್ನೂ ಕುಡಿಯದೆ ಮಂಕಾಗಿ ಕೂತ ಕೋಳಿಯನ್ನು ಬೇರೆ ಇಟ್ಟು, ಅದಕ್ಕೆ ಪ್ರತ್ಯೇಕವಾಗಿ ವೈದ್ಯರನ್ನೇ ಕೇಳಬೇಕು.

ಬೋರ್‌ವೆಲ್ ನೀರಿನ ಗಡಸುತನವೂ ಲೆಕ್ಕಕ್ಕೆ ಬರುತ್ತದೆ. ಟೆಟ್ರಾಸೈಕ್ಲಿನ್ ಗುಂಪಿನವು ಕ್ಯಾಲ್ಸಿಯಂಗೆ ಅಂಟಿಕೊಂಡು ರಕ್ತಕ್ಕೆ ಸೇರದೆ ಹೋಗುತ್ತವೆ. ಆಕ್ಸಿಟೆಟ್ರಾಸೈಕ್ಲಿನ್‌ಗೆ ಈ ತೊಂದರೆ ಹೆಚ್ಚು, ಡಾಕ್ಸಿಸೈಕ್ಲಿನ್‌ಗೆ ಕಡಿಮೆ. ಮಳೆ ನೀರಿದ್ದರೆ ಒಳ್ಳೆಯದು, ತಗಡಿನ ಪಾತ್ರೆ ಬೇಡ, ಚಿಪ್ಪಿನ ಪುಡಿಯನ್ನು ಚಿಕಿತ್ಸೆ ಮುಗಿಯುವವರೆಗೆ ಇಡುವುದೋ ಬೇಡವೋ ವೈದ್ಯರನ್ನು ಕೇಳಿ. ದಿನವೂ ಹೊಸದಾಗಿ ಬೆರೆಸಿ. ಮೊಟ್ಟೆ, ಮಾಂಸ ಎಷ್ಟು ದಿನ ತಿನ್ನಬಾರದೆಂದು ಪೊಟ್ಟಣದಲ್ಲಿ ಬರೆದಿರುತ್ತದೆ. ಕೆಲವು ಔಷಧಿಗಳನ್ನು ಮೊಟ್ಟೆ ಇಡುವ ಹೇಂಟೆಗೆ ಕೊಡುವಂತೆಯೇ ಇಲ್ಲ.

ಗೂಡಿನ ಗಾಳಿ ಸರಿಯಿಲ್ಲದಿದ್ದರೆ ಇದೆಲ್ಲ ವ್ಯರ್ಥ. ಒದ್ದೆ ಹಿಕ್ಕೆಯ ಅಮೋನಿಯಾ ಶ್ವಾಸನಾಳದ ಸೂಕ್ಷ್ಮ ರೋಮಗಳನ್ನು ಕೆಡಿಸುತ್ತದೆ. ಬೆಳಿಗ್ಗೆ ಬಾಗಿಲು ತೆಗೆದು, ಕೋಳಿಯ ಎತ್ತರಕ್ಕೆ ಬಗ್ಗಿ ಉಸಿರೆಳೆದುಕೊಳ್ಳಿ. ಕಣ್ಣು ಉರಿದರೆ ಹೊಟ್ಟು ಬದಲಿಸಿ.

ವಾಸಿಯಾದಂತೆ ಕಾಣುವ ಕೋಳಿ ಸಿ.ಆರ್.ಡಿ., ಕೊರೈಜಾ ಎರಡರಲ್ಲೂ ಸೋಂಕನ್ನು ಹೊತ್ತುಕೊಂಡೇ ಇರುತ್ತದೆ. ಸಿ.ಆರ್.ಡಿ. ಮೊಟ್ಟೆಯ ಮೂಲಕ ಮರಿಗೂ ದಾಟುತ್ತದೆ. ಹಾಗಾಗಿ ಅಂಥ ಹೇಂಟೆಯ ಮೊಟ್ಟೆಯನ್ನು ಕಾವಿಗೆ ಇಡಬೇಡಿ, ನೆರೆಯವರಿಗೆ ಮರಿ ಕೊಡಬೇಡಿ. ಸಂತೆಯಿಂದ ತಂದ ಕೋಳಿಯನ್ನು ಒಂದು ತಿಂಗಳು ಬೇರೆ ಗೂಡಿನಲ್ಲಿಟ್ಟು, ಅದರ ಮೇವು ನೀರನ್ನು ಕೊನೆಗೆ ನೋಡಿಕೊಳ್ಳಿ.