ಸಮವಸ್ತ್ರ ಕಳಚಿದ ಮರುದಿನವೇ ಚುನಾವಣೆಗೆ ನಿಲ್ಲಬಹುದೇ?

ಸಿಂಧನೂರಿನ ಓದುಗರೊಬ್ಬರ ಪ್ರಶ್ನೆ ಹೀಗಿದೆ: "ಕರ್ತವ್ಯದಲ್ಲಿರುವ ಪೊಲೀಸ್ ಅಧಿಕಾರಿಯೊಬ್ಬರು ಚುನಾವಣೆಗೆ ನಿಲ್ಲಬೇಕೆಂದರೆ ರಾಜೀನಾಮೆ ಕೊಡಲೇಬೇಕೇ? ಕೊಟ್ಟ ಮೇಲೆ ಎಷ್ಟು ದಿನ ಕಾಯಬೇಕು? ಒಳ್ಳೆಯ ಹೆಸರಿರುವ ಅಧಿಕಾರಿ ನಿಂತರೆ ಗೆಲ್ಲುವುದು ಸುಲಭವಲ್ಲವೇ?" ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳಿಂದ ಈ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರುತ್ತಲೇ ಇರುತ್ತದೆ. ಮೊದಲೆರಡಕ್ಕೆ ಕಾನೂನಿನಲ್ಲಿ ನೇರ ಉತ್ತರವಿದೆ. ಮೂರನೆಯದಕ್ಕೆ ಉತ್ತರ ಹೇಳಲು ನಮ್ಮ ಸುತ್ತಮುತ್ತ ನಡೆದುದನ್ನೇ ನೋಡಬೇಕಾಗುತ್ತದೆ.

ರಾಜೀನಾಮೆ ಅಥವಾ ನಿವೃತ್ತಿ ಕಡ್ಡಾಯ. ಸಂವಿಧಾನದ 191ನೇ ವಿಧಿಯು ಶಾಸಕರಾಗುವವರು, 102ನೇ ವಿಧಿಯು ಸಂಸದರಾಗುವವರು ಸರ್ಕಾರದ ಅಧೀನದಲ್ಲಿ ಲಾಭದಾಯಕ ಹುದ್ದೆ ಹೊಂದಿರಬಾರದೆಂದು ಹೇಳುತ್ತವೆ. ಕಾನ್‌ಸ್ಟೆಬಲ್‌ನಿಂದ ಡಿಜಿಪಿಯವರೆಗೆ ಎಲ್ಲರಿಗೂ ಇದು ಒಂದೇ. ಹುದ್ದೆಯಲ್ಲಿರುವಾಗ ಪಕ್ಷ ಸೇರುವುದಕ್ಕೂ ಪ್ರಚಾರ ಮಾಡುವುದಕ್ಕೂ ಸೇವಾ ನಡತೆ ನಿಯಮಗಳು ಅವಕಾಶ ಕೊಡುವುದಿಲ್ಲ. ಅರ್ಹತೆಯನ್ನು ನೋಡುವುದು ನಾಮಪತ್ರ ಪರಿಶೀಲನೆಯ ದಿನ. ಅಂದು ಅಧಿಕಾರಿ ಸೇವೆಯಿಂದ ಹೊರಬಂದಿರಬೇಕು. ಅರ್ಜಿ ಕೊಟ್ಟಿದ್ದೇನೆ, ಆದೇಶ ಬರಬೇಕಿದೆ ಎಂದರೆ ಚುನಾವಣಾಧಿಕಾರಿಯ ಮುಂದೆ ಆ ಮಾತು ನಡೆಯುವುದಿಲ್ಲ.

ಕಾಯುವ ಅವಧಿ ಮಾತ್ರ ಇಲ್ಲ. ನಿವೃತ್ತ ಐಪಿಎಸ್ ಅಧಿಕಾರಿ ಖಾಸಗಿ ಕಂಪನಿಯೊಂದರಲ್ಲಿ ಕೆಲಸಕ್ಕೆ ಸೇರಬೇಕಾದರೆ ಮೊದಲ ಒಂದು ವರ್ಷ ಸರ್ಕಾರದ ಅನುಮತಿ ಪಡೆಯಬೇಕು, ಆದರೆ ರಾಜಕೀಯ ಪಕ್ಷ ಸೇರಲು ಅಂಥ ತಡೆ ಏನೂ ಇಲ್ಲ. ಇಂಥದೊಂದು ಅವಧಿ ಇರಬೇಕೆಂದು ಚುನಾವಣಾ ಆಯೋಗ 2012ರಲ್ಲಿ ಶಿಫಾರಸು ಮಾಡಿತ್ತು. ಕೇಂದ್ರ ಸರ್ಕಾರ ಒಪ್ಪಲಿಲ್ಲ. ಅದೇ ಬೇಡಿಕೆಯ ಅರ್ಜಿಯನ್ನು 2022ರ ಏಪ್ರಿಲ್‌ನಲ್ಲಿ ವಜಾ ಮಾಡಿದ ಸುಪ್ರೀಂ ಕೋರ್ಟ್, ಇದು ಶಾಸಕಾಂಗ ತೀರ್ಮಾನಿಸಬೇಕಾದ ವಿಷಯವೆಂದು ಹೇಳಿತು. ನಿನ್ನೆಯವರೆಗೆ ಒಂದು ಪಕ್ಷದ ಪ್ರತಿಭಟನಕಾರರ ಮೇಲೆ ಲಾಠಿ ಬೀಸಲು ಆದೇಶ ಕೊಟ್ಟವರು ಇಂದು ಎದುರಾಳಿ ಪಕ್ಷದ ಶಾಲು ಹೊದೆಯುವುದು ಕಣ್ಣಿಗೆ ಚೆನ್ನಾಗಿ ಕಾಣುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಕಾನೂನಿನಲ್ಲಂತೂ ಅದಕ್ಕೆ ಅಡ್ಡಿಯಿಲ್ಲ.

ತೊಡಕು ಇರುವುದು ಹೊರಬರುವ ದಾರಿಯಲ್ಲಿ. ರಾಜೀನಾಮೆ ಮತ್ತು ಸ್ವಯಂ ನಿವೃತ್ತಿ ಒಂದೇ ಎಂದು ಬಹಳ ಜನ ತಿಳಿದಿದ್ದಾರೆ. ಐಪಿಎಸ್ ಅಧಿಕಾರಿ ರಾಜೀನಾಮೆ ಕೊಟ್ಟರೆ ಪಿಂಚಣಿಯ ಸೌಲಭ್ಯ ಕಳೆದುಕೊಳ್ಳುತ್ತಾರೆ. ಸ್ವಯಂ ನಿವೃತ್ತಿಗೆ ಕನಿಷ್ಠ 20 ವರ್ಷಗಳ ಅರ್ಹ ಸೇವೆ ಆಗಿರಬೇಕು, ಮೂರು ತಿಂಗಳ ನೋಟಿಸ್ ಕೊಡಬೇಕು. ಉಡುಪಿ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಎಸ್‌ಪಿ ಆಗಿ ಹೆಸರು ಮಾಡಿದ ಕೆ. ಅಣ್ಣಾಮಲೈ 2011ರ ತಂಡದವರು. 2019ರಲ್ಲಿ ಹುದ್ದೆ ಬಿಟ್ಟಾಗ ಅವರಿಗೆ ರಾಜೀನಾಮೆಯ ದಾರಿಯೊಂದೇ ಇತ್ತು. ಎರಡರಲ್ಲಿ ಯಾವ ದಾರಿ ಹಿಡಿದರೂ ಸರ್ಕಾರದ ಆದೇಶ ಹೊರಬೀಳಬೇಕು, ಮತ್ತು ಇಲಾಖಾ ವಿಚಾರಣೆ ಬಾಕಿ ಇದ್ದರೆ ಕಡತ ಅಲ್ಲಿಯೇ ನಿಲ್ಲಬಹುದು.

ಈ ಕಡತದ ಕಥೆಗೆ ನಮ್ಮ ಗಡಿಯಾಚೆಯ ಅನಂತಪುರ ಜಿಲ್ಲೆಯಲ್ಲಿ ಒಳ್ಳೆಯ ಉದಾಹರಣೆ ಇದೆ. ಆಗ ಆ ಜಿಲ್ಲೆಯಲ್ಲಿದ್ದ, ಈಗ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿರುವ ಕದಿರಿಯಲ್ಲಿ ಸರ್ಕಲ್ ಇನ್‌ಸ್ಪೆಕ್ಟರ್ ಆಗಿದ್ದ ಗೋರಂಟ್ಲ ಮಾಧವ್, 2018ರಲ್ಲಿ ಪೊಲೀಸರನ್ನು ಹೀಯಾಳಿಸಿದ ಸಂಸದ ಜೆ.ಸಿ. ದಿವಾಕರ ರೆಡ್ಡಿ ಅವರಿಗೆ ಕ್ಯಾಮೆರಾ ಮುಂದೆಯೇ ಮೀಸೆ ತಿರುವಿ ಎಚ್ಚರಿಕೆ ಕೊಟ್ಟರು. ಆ ದೃಶ್ಯ ಬಳ್ಳಾರಿಯವರೆಗೂ ಮೊಬೈಲ್‌ಗಳಲ್ಲಿ ಓಡಾಡಿತು. ಕೆಲವೇ ತಿಂಗಳಲ್ಲಿ ಅವರು ಸ್ವಯಂ ನಿವೃತ್ತಿ ಕೋರಿ ವೈಎಸ್‌ಆರ್ ಕಾಂಗ್ರೆಸ್ ಸೇರಿದರು, ಹಿಂದೂಪುರ ಲೋಕಸಭಾ ಟಿಕೆಟ್ ಕೂಡ ಸಿಕ್ಕಿತು. ಆದರೆ ಅಂದಿನ ತೆಲುಗು ದೇಶಂ ಸರ್ಕಾರದಿಂದ ಬಿಡುಗಡೆಯ ಆದೇಶ ಬರಲಿಲ್ಲ. ನಾಮಪತ್ರದ ದಿನಗಳು ಹತ್ತಿರವಾದಂತೆ ಅವರು ಆಡಳಿತ ನ್ಯಾಯಮಂಡಳಿಯ ಮೊರೆಹೋದರು. ಅಲ್ಲಿ ಬಿಡುಗಡೆಗೆ ನಿರ್ದೇಶನ ಸಿಕ್ಕಿದ ಮೇಲೆಯೇ ಕಣಕ್ಕಿಳಿಯಲು ಸಾಧ್ಯವಾಯಿತು. 2019ರಲ್ಲಿ ಅವರು ಗೆದ್ದದ್ದು 1.40 ಲಕ್ಷಕ್ಕೂ ಹೆಚ್ಚು ಮತಗಳ ಅಂತರದಿಂದ. ಐದು ವರ್ಷಗಳ ಬಳಿಕ ಅದೇ ಪಕ್ಷ ಅವರಿಗೆ ಟಿಕೆಟ್ ಕೊಡದೆ, ಬಳ್ಳಾರಿಯ ಮಾಜಿ ಸಂಸದೆ ಜೆ. ಶಾಂತಾ ಅವರನ್ನು ಹಿಂದೂಪುರಕ್ಕೆ ಕರೆದೊಯ್ದು ನಿಲ್ಲಿಸಿತು, ಅವರು ಸೋತರು. ಮೀಸೆ ತಿರುವಿದ ಖ್ಯಾತಿಯ ಬಾಳಿಕೆ ಒಂದೇ ಅವಧಿಯದಾಯಿತು.

ರಾಜೀನಾಮೆ ಕೊಟ್ಟವರದು ಒಂದು ಲೆಕ್ಕ, ವಜಾಗೊಂಡವರದು ಇನ್ನೊಂದು. ಭ್ರಷ್ಟಾಚಾರ ಅಥವಾ ರಾಜ್ಯದ್ರೋಹದ ಕಾರಣಕ್ಕೆ ವಜಾಗೊಂಡ ಸರ್ಕಾರಿ ನೌಕರರನ್ನು 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 9ನೇ ಸೆಕ್ಷನ್ ಐದು ವರ್ಷ ಕಣದಿಂದ ಹೊರಗಿಡುತ್ತದೆ. ಬೇರೆ ಕಾರಣಕ್ಕೆ ವಜಾ ಆಗಿದ್ದರೂ ಐದು ವರ್ಷ ತುಂಬದಿದ್ದರೆ ನಾಮಪತ್ರದ ಜೊತೆ ಚುನಾವಣಾ ಆಯೋಗದ ಪ್ರಮಾಣಪತ್ರ ಲಗತ್ತಿಸಬೇಕು. ಅಭ್ಯರ್ಥಿ ಸಲ್ಲಿಸುವ ಅಫಿಡವಿಟ್‌ನಲ್ಲಿ, ಕಳೆದ ಹತ್ತು ವರ್ಷಗಳಲ್ಲಿ ಸರ್ಕಾರಿ ವಸತಿಯಲ್ಲಿದ್ದರೆ ಅದರ ಬಾಡಿಗೆ, ವಿದ್ಯುತ್, ನೀರು, ದೂರವಾಣಿ ಶುಲ್ಕ ಬಾಕಿ ಇಲ್ಲವೆಂದೂ ತೋರಿಸಬೇಕು. ಪೊಲೀಸ್ ವಸತಿಗೃಹದಲ್ಲಿದ್ದು ಊರೂರು ವರ್ಗವಾದವರಿಗೆ ಈ ಕಾಗದಗಳನ್ನು ಕೂಡಿಸುವುದೇ ಒಂದು ಕೆಲಸ.

ಇನ್ನು ಮೂರನೆಯ ಪ್ರಶ್ನೆ. "ಖಾಕಿಯಿಂದ ಖಾದಿಗೆ" ಎಂಬ ಶೀರ್ಷಿಕೆ ಪತ್ರಿಕೆಗಳಿಗೆ ಸಲೀಸು, ಅದು ಬಟ್ಟೆ ಬದಲಿಸಿದಷ್ಟೇ ಸರಳ ಎಂಬ ಭಾವನೆ ಮೂಡಿಸುತ್ತದೆ. ನನ್ನ ಅನಿಸಿಕೆಯಲ್ಲಿ ಸಮವಸ್ತ್ರ ಅಧಿಕಾರಿಗೆ ಹೆಸರು ಕೊಡುತ್ತದೆ, ಕ್ಷೇತ್ರ ಕೊಡುವುದಿಲ್ಲ. ಚುನಾವಣೆಗೆ ಸಂಬಂಧಿಸಿದ ಅಧಿಕಾರಿಗಳು ತವರು ಜಿಲ್ಲೆಯಲ್ಲಿ ಇರಬಾರದು, ನಾಲ್ಕು ವರ್ಷಗಳಲ್ಲಿ ಮೂರು ವರ್ಷ ಒಂದೇ ಜಿಲ್ಲೆಯಲ್ಲಿ ಕಳೆದಿದ್ದರೆ ಅಲ್ಲಿಂದ ಹೊರಡಬೇಕು ಎಂಬುದು ಚುನಾವಣಾ ಆಯೋಗದ ನಿಲುವು. ಹೀಗಾಗಿ ದಕ್ಷ ಅಧಿಕಾರಿಯನ್ನು ಜನ ಮೆಚ್ಚಿಕೊಳ್ಳುವ ಊರು ಒಂದು, ಅವರ ನಂಟರು, ಜಾತಿ, ಹೊಲಮನೆ ಇರುವ ಊರು ಇನ್ನೊಂದು.

ಕೂಡ್ಲಿಗಿಯಲ್ಲಿ ನಡೆದದ್ದು ಇದೇ. ಆಗ ಬಳ್ಳಾರಿ ಜಿಲ್ಲೆಯಲ್ಲಿದ್ದ, ಈಗ ವಿಜಯನಗರ ಜಿಲ್ಲೆಗೆ ಸೇರಿರುವ ಆ ತಾಲ್ಲೂಕಿನಲ್ಲಿ ಡಿವೈಎಸ್‌ಪಿ ಆಗಿದ್ದ ಅನುಪಮಾ ಶೆಣೈ ಅವರ ವರ್ಗಾವಣೆ 2016ರ ಜನವರಿಯಲ್ಲಿ ರಾಜ್ಯದ ತುಂಬ ಸುದ್ದಿಯಾಯಿತು. ಜನ ಬೀದಿಗಿಳಿದ ಮೇಲೆ ಆದೇಶ ಹಿಂದಕ್ಕೆ ಹೋಯಿತು. ಜೂನ್‌ನಲ್ಲಿ ಅವರು ರಾಜೀನಾಮೆ ಕೊಟ್ಟರು, ಸರ್ಕಾರ ಅದನ್ನು ಅಂಗೀಕರಿಸಿತು. ಮುಂದೆ ಭಾರತೀಯ ಜನಶಕ್ತಿ ಕಾಂಗ್ರೆಸ್ ಎಂಬ ಪಕ್ಷವನ್ನೂ ಕಟ್ಟಿದರು. ಆದರೆ 2018ರ ವಿಧಾನಸಭಾ ಚುನಾವಣೆಯಲ್ಲಿ ಅವರು ನಿಂತದ್ದು ತವರು ಉಡುಪಿ ಜಿಲ್ಲೆಯ ಕಾಪು ಕ್ಷೇತ್ರದಲ್ಲಿ, ಅಲ್ಲಿ ಸೋತರು. ಅವರ ಪರವಾಗಿ ಘೋಷಣೆ ಕೂಗಿದ ಕೂಡ್ಲಿಗಿ ಪರಿಶಿಷ್ಟ ಪಂಗಡಕ್ಕೆ ಮೀಸಲಾದ ಕ್ಷೇತ್ರ.

ಮೀಸಲಾತಿಯ ಈ ಲೆಕ್ಕ ನಮ್ಮ ಭಾಗದಲ್ಲಿ ಸಣ್ಣದಲ್ಲ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಜಿಲ್ಲೆ ಸೇರಿ 17 ವಿಧಾನಸಭಾ ಕ್ಷೇತ್ರಗಳಿದ್ದು, ಅವುಗಳಲ್ಲಿ ಸಾಮಾನ್ಯ ಕ್ಷೇತ್ರಗಳು ಏಳೇ: ಬಳ್ಳಾರಿ ನಗರ, ರಾಯಚೂರು ನಗರ, ಸಿಂಧನೂರು, ಕುಷ್ಟಗಿ, ಗಂಗಾವತಿ, ಯಲಬುರ್ಗಾ, ಕೊಪ್ಪಳ. ಬಳ್ಳಾರಿ ಮತ್ತು ರಾಯಚೂರು ಲೋಕಸಭಾ ಕ್ಷೇತ್ರಗಳೆರಡೂ ಪರಿಶಿಷ್ಟ ಪಂಗಡಕ್ಕೆ ಮೀಸಲು. ಕರಾವಳಿಯಿಂದಲೋ ಹಳೆ ಮೈಸೂರಿನಿಂದಲೋ ಬಂದು ಇಲ್ಲಿ ಜನಪ್ರಿಯರಾದ ಅಧಿಕಾರಿಗೆ ಬಾಗಿಲುಗಳು ಮೊದಲೇ ಅರ್ಧಕ್ಕಿಂತ ಹೆಚ್ಚು ಮುಚ್ಚಿರುತ್ತವೆ.

ಸ್ವಂತ ಪಕ್ಷ ಕಟ್ಟುವ ಮಾತು ಬಂದಾಗ ಬಳ್ಳಾರಿಯವರಿಗೆ ಒಂದು ವಿಚಿತ್ರ ಜೋಡಿ ನೆನಪಾಗದಿರದು. 2011ರ ಸೆಪ್ಟೆಂಬರ್ 5ರಂದು ಓಬಳಾಪುರಂ ಗಣಿ ಪ್ರಕರಣದಲ್ಲಿ ಗಾಲಿ ಜನಾರ್ದನ ರೆಡ್ಡಿ ಅವರನ್ನು ಸಿಬಿಐ ಬಳ್ಳಾರಿಯಲ್ಲಿ ಬಂಧಿಸಿದಾಗ, ಹೈದರಾಬಾದ್‌ನಲ್ಲಿದ್ದು ಆ ತನಿಖೆಯ ಉಸ್ತುವಾರಿ ನೋಡುತ್ತಿದ್ದವರು ಜಂಟಿ ನಿರ್ದೇಶಕ ವಿ.ವಿ. ಲಕ್ಷ್ಮೀನಾರಾಯಣ. ಈ ಐಪಿಎಸ್ ಅಧಿಕಾರಿ 2018ರಲ್ಲಿ ಸ್ವಯಂ ನಿವೃತ್ತಿ ಪಡೆದು, 2019ರಲ್ಲಿ ಜನಸೇನಾದಿಂದ ವಿಶಾಖಪಟ್ಟಣ ಲೋಕಸಭೆಗೆ ನಿಂತು ಸೋತರು. 2023ರಲ್ಲಿ ಸ್ವಂತ ಪಕ್ಷ ಘೋಷಿಸಿ ಮರುವರ್ಷದ ಚುನಾವಣೆಯಲ್ಲಿ ಮತ್ತೆ ಸೋತರು. ಬಂಧಿತರಾಗಿದ್ದ ರೆಡ್ಡಿ 2022ರ ಡಿಸೆಂಬರ್‌ನಲ್ಲಿ ಕಲ್ಯಾಣ ರಾಜ್ಯ ಪ್ರಗತಿ ಪಕ್ಷ ಕಟ್ಟಿ, ಮರುವರ್ಷ ಗಂಗಾವತಿಯಲ್ಲಿ ಗೆದ್ದರು. 2024ರಲ್ಲಿ ಆ ಪಕ್ಷ ಬಿಜೆಪಿಯಲ್ಲಿ ವಿಲೀನವಾಯಿತು. ತನಿಖೆ ಮಾಡಿದವರ ಖ್ಯಾತಿ ಎರಡು ರಾಜ್ಯಗಳಲ್ಲಿ ಹರಡಿತ್ತು, ಆದರೆ ಬೂತ್ ಮಟ್ಟದಲ್ಲಿ ಜನರನ್ನು ಕೂಡಿಸುವ ಬಲ ಇದ್ದದ್ದು ಇನ್ನೊಬ್ಬರ ಬಳಿ.

ಗಡಿಯಾಚೆಯ ಆಲಂಪುರದ ಆರ್.ಎಸ್. ಪ್ರವೀಣ್ ಕುಮಾರ್ ಅವರದು ಇದಕ್ಕಿಂತ ಗಟ್ಟಿಯಾದ ಪ್ರಯತ್ನ. ತೆಲಂಗಾಣದ ಸಮಾಜ ಕಲ್ಯಾಣ ವಸತಿ ಶಾಲೆಗಳ ಹೊಣೆ ಹೊತ್ತು ದಲಿತ ಕುಟುಂಬಗಳಲ್ಲಿ ಆಳವಾದ ವಿಶ್ವಾಸ ಗಳಿಸಿದ್ದ ಈ ಐಪಿಎಸ್ ಅಧಿಕಾರಿ 2021ರಲ್ಲಿ ಸೇವೆ ಬಿಟ್ಟು ಬಿಎಸ್‌ಪಿಯ ರಾಜ್ಯ ನಾಯಕರಾದರು. 2023ರಲ್ಲಿ ಸಿರ್ಪುರದಲ್ಲಿ ಸೋತರು. 2024ರಲ್ಲಿ ಬಿಆರ್‌ಎಸ್ ಸೇರಿ, ರಾಯಚೂರಿನ ಗಡಿಗೆ ತಾಗಿದ ನಾಗರಕರ್ನೂಲ್ ಲೋಕಸಭಾ ಕ್ಷೇತ್ರದಲ್ಲೂ ಸೋತರು. ಅಣ್ಣಾಮಲೈ ತಮಿಳುನಾಡು ಬಿಜೆಪಿಯ ಅಧ್ಯಕ್ಷರಾಗಿ ನಾಲ್ಕು ವರ್ಷದ ಹತ್ತಿರ ಸುದ್ದಿಯಲ್ಲಿದ್ದರೂ 2021ರಲ್ಲಿ ಅರವಕುರಿಚಿ, 2024ರಲ್ಲಿ ಕೊಯಮತ್ತೂರು ಎರಡೂ ಕೈತಪ್ಪಿದವು. ನಾಯಕರಾಗುವುದು ಬೇರೆ, ಗೆಲ್ಲುವುದು ಬೇರೆ.

ಗೆದ್ದವರೂ ಇದ್ದಾರೆ. ಎಚ್.ಟಿ. ಸಾಂಗ್ಲಿಯಾನ 2004ರಲ್ಲಿ ಬಿಜೆಪಿಯಿಂದ ಬೆಂಗಳೂರು ಉತ್ತರದಲ್ಲಿ ಸಿ.ಕೆ. ಜಾಫರ್ ಷರೀಫ್ ಅವರಂಥ ಹಿರಿಯರನ್ನೇ ಮಣಿಸಿದರು. 2008ರಲ್ಲಿ ಪಕ್ಷದ ವಿಪ್ ಮೀರಿ ಯುಪಿಎ ಸರ್ಕಾರದ ಪರ ಮತ ಹಾಕಿ ಉಚ್ಚಾಟನೆಗೊಂಡರು. ಕೆಲಕಾಲ ಕೊಪ್ಪಳ ಜಿಲ್ಲಾ ಉಸ್ತುವಾರಿ ಸಚಿವರಾಗಿದ್ದ ಬಿ.ಸಿ. ಪಾಟೀಲ್ ಪೊಲೀಸ್ ಇನ್‌ಸ್ಪೆಕ್ಟರ್ ಆಗಿದ್ದವರು. ಅವರು ಜೆಡಿಎಸ್, ಕಾಂಗ್ರೆಸ್, ಬಿಜೆಪಿ ಹೀಗೆ ಪಕ್ಷ ಬದಲಿಸಿದರೂ ಹಿರೇಕೆರೂರು ಕ್ಷೇತ್ರ ಬದಲಿಸಲಿಲ್ಲ. ನಡುವೆ ಸೋಲುಗಳಿದ್ದರೂ ನಾಲ್ಕು ಬಾರಿ ಗೆದ್ದದ್ದರ ಹಿಂದೆ ಸಮವಸ್ತ್ರದ ಜೊತೆ ಸಿನಿಮಾದ ಹೆಸರೂ, ಒಂದೇ ಕ್ಷೇತ್ರದಲ್ಲಿ ವರ್ಷಗಟ್ಟಲೆ ಓಡಾಡಿದ ಶ್ರಮವೂ ಇವೆ.

ಸಿಂಧನೂರಿನ ಓದುಗರ ಮಟ್ಟಿಗೆ ಹೇಳಬೇಕೆಂದರೆ, ಅದು ಸಾಮಾನ್ಯ ಕ್ಷೇತ್ರವಾದ್ದರಿಂದ ಮೀಸಲಾತಿಯ ಅಡ್ಡಿ ಇಲ್ಲ. ಅಭ್ಯರ್ಥಿಗೆ 25 ವರ್ಷ ತುಂಬಿರಬೇಕು, ಹೆಸರು ಕರ್ನಾಟಕದ ಯಾವುದಾದರೂ ವಿಧಾನಸಭಾ ಕ್ಷೇತ್ರದ ಮತದಾರರ ಪಟ್ಟಿಯಲ್ಲಿರಬೇಕು; ಸಿಂಧನೂರಿನಲ್ಲೇ ಇರಬೇಕೆಂದಿಲ್ಲ. ಆ ಅಧಿಕಾರಿ ಸ್ವಯಂ ನಿವೃತ್ತಿಯ ದಾರಿ ಹಿಡಿಯುವುದಾದರೆ, ನೋಟಿಸಿನ ಅವಧಿಯನ್ನೂ ಕಡತ ಬೆಂಗಳೂರಿನಿಂದ ಹಿಂತಿರುಗುವ ಸಮಯವನ್ನೂ ಸೇರಿಸಿ, ಚುನಾವಣೆ ಘೋಷಣೆಯಾಗುವುದಕ್ಕೆ ಆರು ತಿಂಗಳ ಮೊದಲೇ ಅರ್ಜಿ ಕೊಟ್ಟಿರುವುದು ಕ್ಷೇಮ.