ಬಚ್ಚಿಟ್ಟ ಭಾಷ್ಯ ಬಯಲಾದ ಬಗೆ

ಯಹೂದಿಗಳ ಪವಿತ್ರ ಗ್ರಂಥವಾದ ತೋರಾದ ಮೊದಲ ಪುಸ್ತಕ ಆದಿಕಾಂಡದ 36ನೇ ಅಧ್ಯಾಯದಲ್ಲಿ ಎದೋಮ್ ನಾಡನ್ನಾಳಿದ ಎಂಟು ಅರಸರ ಪಟ್ಟಿಯಿದೆ. ಇಂಥವನು ಆಳಿದ, ಸತ್ತ. ಅವನ ಬಳಿಕ ಇಂಥವನು ಆಳಿದ, ಸತ್ತ. ಓದುವವರು ಸಾಮಾನ್ಯವಾಗಿ ಹಾರಿಸಿಕೊಂಡು ಹೋಗುವ ಭಾಗವದು. 16ನೇ ಶತಮಾನದಲ್ಲಿ ಈಗಿನ ಇಸ್ರೇಲಿನ ಗಲಿಲೀಯ ಪ್ರದೇಶದ ಸಫೇದ್ ಊರಿನ ಯಹೂದಿ ಅನುಭಾವಿ ಐಸಾಕ್ ಲೂರಿಯಾ ಅದರಲ್ಲಿ ಸೃಷ್ಟಿಯ ರಹಸ್ಯವನ್ನೇ ಕಂಡರು. ಅನಂತನಾದ ದೇವರು ತನ್ನನ್ನು ತಾನೇ ಕುಗ್ಗಿಸಿಕೊಂಡು ಜಗತ್ತಿಗೆ ಎಡೆಮಾಡಿಕೊಟ್ಟ. ಅಲ್ಲಿಗೆ ಹರಿದುಬಂದ ಬೆಳಕನ್ನು ತಾಳಲಾರದೆ ಏಳು ಪಾತ್ರೆಗಳು ಒಡೆದವು. ಸತ್ತ ಏಳು ಅರಸರೇ ಆ ಪಾತ್ರೆಗಳು. ಎಂಟನೆಯವನಾದ ಹದರ್ ಸತ್ತನೆಂದು ಪಟ್ಟಿ ಹೇಳುವುದಿಲ್ಲ. ಹೆಂಡತಿಯ ಹೆಸರು ಬರುವುದೂ ಅವನ ಜೊತೆಗೆ ಮಾತ್ರ. ಗಂಡು-ಹೆಣ್ಣು ಕೂಡಿದಲ್ಲಿಂದಲೇ ಒಡೆದದ್ದು ಮತ್ತೆ ಕೂಡತೊಡಗುತ್ತದೆ. ಚೆದುರಿದ ಬೆಳಕಿನ ಕಿಡಿಗಳನ್ನು ಪ್ರಾರ್ಥನೆ ಮತ್ತು ಧರ್ಮಾಚರಣೆಯಿಂದ ಮೇಲೆತ್ತುವುದು ಮನುಷ್ಯರ ಹೊಣೆ. ಒಣಗಿದ ಪಟ್ಟಿಯೊಂದರಿಂದ ಇಷ್ಟನ್ನು ಹೊರತೆಗೆದ ಆ ಓದು ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ.

ಇದರ ಬೀಜ ಇದ್ದದ್ದು ಜೋಹರ್ ಎಂಬ ತೋರಾ ಭಾಷ್ಯದಲ್ಲಿ. ಅದು 13ನೇ ಶತಮಾನದ ಕೊನೆಯಲ್ಲಿ ಸ್ಪೇನ್‌ನಲ್ಲಿ ಬೆಳಕಿಗೆ ಬಂತು. 2ನೇ ಶತಮಾನದ ಯಹೂದಿ ಗುರು ಶಿಮೋನ್ ಬಾರ್ ಯೋಹಾಯ್ ಅದರ ಕರ್ತೃವೆಂದು ಸಂಪ್ರದಾಯ ನಂಬುತ್ತದೆ. ಅದು 13ನೇ ಶತಮಾನದ ಸ್ಪೇನಿನ ಅನುಭಾವಿ ಮೋಶೆ ದೆ ಲಿಯೋನ್ ಮತ್ತು ಅವರ ಬಳಗದ್ದೆಂದು ಇಂದಿನ ಬಹುತೇಕ ವಿದ್ವಾಂಸರ ಅಭಿಪ್ರಾಯ. 1492ರಲ್ಲಿ ಸ್ಪೇನ್ ಯಹೂದಿಗಳನ್ನು ಹೊರಹಾಕಿತು. ನೆಲೆ ಕಳೆದುಕೊಂಡ ಹಲವು ಕುಟುಂಬಗಳು ಮುಂದೆ ಸಫೇದ್ ಸೇರಿದವು.

ಈಜಿಪ್ಟಿನಲ್ಲಿ ಬೆಳೆದ ಲೂರಿಯಾ ಅಲ್ಲಿಗೆ ಬಂದದ್ದು 1570ರ ಸುಮಾರಿಗೆ. 1572ರಲ್ಲಿ, 38ರ ಹರೆಯದಲ್ಲೇ, ಸಾಂಕ್ರಾಮಿಕ ಜಾಡ್ಯಕ್ಕೆ ಬಲಿಯಾದರು. ಜೋಹರ್‌ನ ಒಂದು ಭಾಗಕ್ಕೆ ವ್ಯಾಖ್ಯಾನ, ವಾರದ ವಿಶ್ರಾಂತಿ ದಿನವಾದ ಸಬ್ಬತ್‌ಗೆಂದು ಕೆಲವು ಗೀತೆಗಳು. ಅವರ ಕೈಬರಹವೆಂದು ಉಳಿದದ್ದು ಹೆಚ್ಚುಕಡಿಮೆ ಅಷ್ಟೇ. ಬಾಯಿ ತೆರೆದರೆ ಕಡಲೇ ಉಕ್ಕಿ ಬಂದಂತಾಗುತ್ತದೆ, ಬರೆಯುವುದು ಹೇಗೆ ಎಂದು ಅವರು ಶಿಷ್ಯರಿಗೆ ಹೇಳಿದರೆಂಬ ಪ್ರತೀತಿಯಿದೆ.

ಉಳಿದದ್ದೆಲ್ಲ ಶಿಷ್ಯರ ಕಿವಿಯಲ್ಲಿತ್ತು. ಅವರಲ್ಲಿ ಹಾಯಿಮ್ ವಿಟಾಲ್ ತಾನೇ ಅಧಿಕೃತ ವಾರಸುದಾರನೆಂದು ಭಾವಿಸಿದ್ದರು. 1575ರಲ್ಲಿ ಹನ್ನೆರಡು ಮಂದಿ ಒಂದು ಪ್ರತಿಜ್ಞಾಪತ್ರಕ್ಕೆ ಸಹಿ ಹಾಕಿದರು: ಗುರುವಿನ ಬೋಧೆಯನ್ನು ವಿಟಾಲ್ ಅವರಿಂದಲೇ ಕಲಿಯುತ್ತೇವೆ, ಇನ್ನಷ್ಟು ಹೇಳೆಂದು ಪೀಡಿಸುವುದಿಲ್ಲ, ಕೇಳಿದ್ದನ್ನು ಹೊರಗೆಡಹುವುದಿಲ್ಲ. ಗುಟ್ಟು ನಿಲ್ಲಲಿಲ್ಲ. 1580ರ ದಶಕದಲ್ಲಿ ವಿಟಾಲ್ ಹಾಸಿಗೆ ಹಿಡಿದಾಗ, ಕೆಲವರು ಅವರ ತಮ್ಮನ ಕೈಗೆ 50 ಚಿನ್ನದ ನಾಣ್ಯಗಳನ್ನಿಟ್ಟು ಕಾಗದಗಳನ್ನು ಪಡೆದು, ಲಿಪಿಕಾರರನ್ನು ಕೂರಿಸಿ ಮೂರೇ ದಿನಗಳಲ್ಲಿ ನಕಲು ಮಾಡಿಸಿದರೆಂದು ಪರಂಪರೆ ಹೇಳುತ್ತದೆ. ಇದನ್ನು ಬರಿಯ ಕಳ್ಳತನವೆನ್ನಲು ನನಗೆ ಮನಸ್ಸೊಪ್ಪುವುದಿಲ್ಲ. ಒಬ್ಬನ ಪೆಟ್ಟಿಗೆಯಲ್ಲಿ ಬೀಗ ಹಾಕಿಟ್ಟ ವಿದ್ಯೆ ಒಂದು ಬೆಂಕಿಗೆ, ಒಂದು ಜ್ವರಕ್ಕೆ ಮುಗಿದುಹೋಗಬಹುದಿತ್ತು.

ಜೊತೆಗೆ, ಎಲ್ಲ ಶಿಷ್ಯರೂ ಕೇಳಿಸಿಕೊಂಡದ್ದು ಒಂದೇ ಆಗಿರಲಿಲ್ಲ. ದೈವದೊಳಗೇ ಬೆರೆತಿದ್ದ ಕಠೋರ ನ್ಯಾಯದ ಬೇರುಗಳನ್ನು ಬೇರ್ಪಡಿಸಲಿಕ್ಕೆಂದೇ ದೇವರು ಕುಗ್ಗಿದ ಎಂದು ಇನ್ನೊಬ್ಬ ಶಿಷ್ಯ ಯೋಸೆಫ್ ಇಬ್ನ್ ತಬೂಲ್ ಬರೆದರು. ವಿಟಾಲ್ ಇದನ್ನು ಅಷ್ಟು ನೇರವಾಗಿ ಹೇಳುವುದಿಲ್ಲ. ಗುರು ನಿಜಕ್ಕೂ ಹೇಳಿದ್ದೇನು ಎಂಬ ಪ್ರಶ್ನೆಯನ್ನು ಕಬ್ಬಾಲಾ ಎಂಬ ಈ ಯಹೂದಿ ಅನುಭಾವ ಪರಂಪರೆಯ ಅಧ್ಯಯನ ಇನ್ನೂ ಕೆದಕುತ್ತಲೇ ಇದೆ. 1590ರ ದಶಕದಲ್ಲಿ ಇಸ್ರಾಯೇಲ್ ಸರೂಗ್ ಇಟಲಿಯಲ್ಲಿ ಮೂರನೆಯದೇ ಒಂದು ಪಾಠವನ್ನು ಹಬ್ಬಿಸಿದರು.

ವಿಟಾಲ್ 1620ರಲ್ಲಿ ದಮಾಸ್ಕಸ್‌ನಲ್ಲಿ ತೀರಿಕೊಂಡರು. ಮಗ ಶ್ಮುಯೆಲ್ ತಂದೆಯ ಬರಹಗಳನ್ನು ಎಂಟು ‘ದ್ವಾರ’ಗಳಾಗಿ ಜೋಡಿಸಿದರು, ಅವುಗಳಲ್ಲೊಂದು ಹೀಬ್ರೂ ಬೈಬಲ್ಲಿನ ವಚನಗಳ ವ್ಯಾಖ್ಯಾನ. ಜೆರುಸಲೇಮಿನಲ್ಲಿ ಮೆಯಿರ್ ಪೋಪರ್ಸ್ ಇನ್ನೊಂದು ಕ್ರಮದಲ್ಲಿ ಹೊಂದಿಸಿದರು. 1782ರಲ್ಲಿ, ಈಗಿನ ಉಕ್ರೇನಿನ ಕೊರೆಟ್ಸ್ ಪಟ್ಟಣದಲ್ಲಿ ‘ಎಟ್ಸ್ ಹಾಯಿಮ್’ ಹೆಸರಿನಲ್ಲಿ ಮೊದಲ ಬಾರಿಗೆ ಅಚ್ಚಾದದ್ದು ಪೋಪರ್ಸ್ ಅವರ ಪಾಠವೇ. ಆ ಹೊತ್ತಿಗೆ ಗುರು ತೀರಿಕೊಂಡು 210 ವರ್ಷಗಳಾಗಿದ್ದವು.