ಹಿಪ್ಪಲಿಯ ಹೆಸರು, ಮೆಣಸಿನ ಪಾಲು

ಶಿರಸಿ ಕಡೆಯ ತೋಟಗಳಲ್ಲಿ ಅಡಿಕೆ ಮರಕ್ಕೆ ಕಾಳುಮೆಣಸಿನ ಬಳ್ಳಿ ಹಬ್ಬಿಸುವುದು ಮಾಮೂಲು. ಈ ಕಾಳಿಗೆ ಇಂಗ್ಲಿಷಿನಲ್ಲಿ ಪೆಪ್ಪರ್. ಆದರೆ ಆ ಹೆಸರು ಮೂಲದಲ್ಲಿ ಇದರದ್ದಲ್ಲ, ಇದರ ದಾಯಾದಿ ಹಿಪ್ಪಲಿಯದ್ದು.

ಸಂಸ್ಕೃತದ ಪಿಪ್ಪಲಿ ನಮ್ಮಲ್ಲಿ ಹಿಪ್ಪಲಿಯಾಯಿತು. ಸರಕಿನ ಜೊತೆ ಪಡುವಣಕ್ಕೆ ಹೋದದ್ದು ಗ್ರೀಕರ ಬಾಯಲ್ಲಿ ಪೆಪೆರಿ, ರೋಮನ್ನರಲ್ಲಿ ಪಿಪೆರ್, ಕೊನೆಗೆ ಇಂಗ್ಲಿಷಿನ ಪೆಪ್ಪರ್. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಕಾಳುಮೆಣಸಿನ ತೆನೆಯಿಂದ ಕಾಳುಗಳನ್ನು ಒಂದೊಂದಾಗಿ ಉದುರಿಸಬಹುದು. ಹಿಪ್ಪಲಿಯಲ್ಲಿ ಪುಟ್ಟ ಪುಟ್ಟ ಕಾಯಿಗಳು ಒತ್ತಿ ಅಂಟಿಕೊಂಡಿರುತ್ತವೆ, ಒಣಗಿದ ತೆನೆಯನ್ನೇ ಇಡಿಯಾಗಿ ಕುಟ್ಟಬೇಕು. ರೋಮಿನಲ್ಲಿ ಬೆಲೆ ಜಾಸ್ತಿ ಇದ್ದದ್ದು ಇದಕ್ಕೇ. ಮೊದಲನೇ ಶತಮಾನದಲ್ಲಿ ರೋಮನ್ ಲೇಖಕ ಪ್ಲಿನಿ ಬರೆದಿಟ್ಟ ದರ ಹೀಗಿದೆ: ಒಂದು ಪೌಂಡ್ ಹಿಪ್ಪಲಿಗೆ 15 ದಿನಾರಿಯಸ್ (ಅಲ್ಲಿನ ಬೆಳ್ಳಿ ನಾಣ್ಯ), ಕಾಳುಮೆಣಸಿಗೆ ಬರೀ 4. ಆಮೇಲೆ ಹಿಪ್ಪಲಿ ಯುರೋಪಿನ ಅಡುಗೆಮನೆಯಿಂದ ಮರೆಯಾಯಿತು. ಹೆಸರು ಮಾತ್ರ ಕಾಳುಮೆಣಸಿಗೆ ಉಳಿಯಿತು.

ಈ ಕಾಳಿಗಾಗಿಯೇ ಪೋರ್ಚುಗೀಸರು ನಮ್ಮ ಕರಾವಳಿಗೆ ಬಂದದ್ದು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಗೆ ಅವರಿಟ್ಟ ಹೆಸರು ‘ರೈನಾ ದ ಪಿಮೆಂಟಾ’, ಅಂದರೆ ಮೆಣಸಿನ ರಾಣಿ. ಪಿಮೆಂಟಾಗೂ ಪಿಪ್ಪಲಿಗೂ ಸಂಬಂಧ ಇಲ್ಲ. ಅದು ಬಣ್ಣ ಎಂಬ ಅರ್ಥದ ಲ್ಯಾಟಿನ್ ಪದದಿಂದ ಬಂದದ್ದು.

ಅತ್ತ 1492ರಲ್ಲಿ ಮೆಣಸು ಹುಡುಕುತ್ತಾ ಹೊರಟ ಕೊಲಂಬಸನಿಗೆ ಅಮೆರಿಕದಲ್ಲಿ ಸಿಕ್ಕಿದ್ದು ಮೆಣಸಿನಕಾಯಿ. ಖಾರ ಇತ್ತಲ್ಲ, ಇದು ಅಲ್ಲಿನ ಜನರ ಮೆಣಸು ಅಂದುಬಿಟ್ಟ. ಹಾಗಾಗಿ ಇಂಗ್ಲಿಷಿನಲ್ಲಿ ಅದೂ ಪೆಪ್ಪರ್. ಖಾರವೇ ಇಲ್ಲದ ದೊಣ್ಣೆ ಮೆಣಸಿಗೂ ಅದೇ ಹೆಸರು! ನಗೋ ಹಾಗಿಲ್ಲ, ನಾವು ಮಾಡಿದ್ದೂ ಅದನ್ನೇ. ಪೋರ್ಚುಗೀಸರು ತಂದ ಹೊಸ ಕಾಯಿಗೆ ಮೆಣಸಿನಕಾಯಿ ಅಂದೆವು. ಮೆಣಸು ಅಂದರೆ ಯಾವುದು ಅಂತ ಗೊಂದಲ ಆಗತೊಡಗಿದ ಮೇಲೆ ಹಳೆಯದಕ್ಕೆ ‘ಕಾಳು’ ಸೇರಿಸಿದೆವು.

ಗಿಡಗಳ ಲೆಕ್ಕದಲ್ಲಿ ಇದು ತಪ್ಪು. ಕಾಳುಮೆಣಸು, ಹಿಪ್ಪಲಿ, ವೀಳ್ಯದೆಲೆ ಒಂದೇ ಮನೆತನ. ಮೆಣಸಿನಕಾಯಿ ಬದನೆ, ಟೊಮೆಟೊಗಳ ಬಳಗ. ನಾಲಿಗೆಯ ಲೆಕ್ಕದಲ್ಲಿ ಮಾತ್ರ ಅಷ್ಟೇನೂ ತಪ್ಪಲ್ಲ. ಕಾಳುಮೆಣಸಿನ ಪೈಪರಿನ್, ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಬೇರೆ ಬೇರೆ ರಾಸಾಯನಿಕಗಳು. ಆದರೆ ಎರಡೂ ತಟ್ಟುವುದು ನರದ ತುದಿಯ ಒಂದೇ ಬಾಗಿಲನ್ನು. ಅದರ ಹೆಸರು ಟಿಆರ್‌ಪಿವಿ1. ಅದರ ನಿಜವಾದ ಕೆಲಸ ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿಯನ್ನು ಮಿದುಳಿಗೆ ತಿಳಿಸುವುದು. ಹಾಗಾಗಿ ಖಾರ ತಿಂದಾಗ ಬಾಯಿ ‘ಉರಿ’ಯುತ್ತದೆ. 1997ರಲ್ಲಿ ಇದನ್ನು ಗುರುತಿಸಿದ ತಂಡದ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಬಂತು. ಅವರ ತಂಡ ಆ ಬಾಗಿಲನ್ನು ಪತ್ತೆ ಹಚ್ಚಿದ್ದು ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಬಳಸಿ.